ಸೂರ್ಯನ ಗಾಳಿ, ಚಳ್ಳಕೆರೆಯ ಬಯಲು

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಗಾಳಿಯ ವಿಷಯವನ್ನು ಯಾರೂ ಹೇಳಿಕೊಡಬೇಕಾದ್ದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲೂ ಆಷಾಢದ ಗಾಳಿ ಕೈಕೊಟ್ಟದ್ದಿಲ್ಲ. ಕಣದಲ್ಲಿ ರಾಶಿ ತೂರುವ ರೈತ ಗಾಳಿಯ ದಿಕ್ಕು ನೋಡಿ ಮೊರ ಎತ್ತುತ್ತಾನೆ. ಚಿತ್ರದುರ್ಗದ ಸುತ್ತಿನ ಗುಡ್ಡಗಳ ಮೇಲೆ ಅದೇ ಗಾಳಿ ಈಗ ವಿದ್ಯುತ್ ಯಂತ್ರಗಳ ರೆಕ್ಕೆಗಳನ್ನು ತಿರುಗಿಸುತ್ತಿದೆ. ಇಂದು ನಾನು ಹೇಳಹೊರಟಿರುವುದು ಇನ್ನೊಂದು ಗಾಳಿಯ ವಿಷಯ. ಅದು ಸೂರ್ಯನಿಂದ ಹೊರಟು ಹದಿನೈದು ಕೋಟಿ ಕಿಲೋಮೀಟರ್ ದೂರ ಸಾಗಿ ನಮ್ಮ ಬಳಿ ಬರುತ್ತದೆ. ಅದು ಮೈಗೆ ತಾಗುವುದಿಲ್ಲ, ಒಂದು ಎಲೆಯನ್ನೂ ಅಲುಗಿಸುವುದಿಲ್ಲ. ಆದರೆ ಅದು ಭೂಮಿಯನ್ನು ಒತ್ತುವ ಬಲ ದಿಢೀರನೆ ಬದಲಾದರೆ, ಆ ಸುದ್ದಿ ಕೆಲವೇ ನಿಮಿಷಗಳಲ್ಲಿ ಚಳ್ಳಕೆರೆಯ ಹೊಲದವರೆಗೆ ಬಂದು ಮುಟ್ಟುತ್ತದೆ.

ಇದು ನನಗೆ ಪುಸ್ತಕದಿಂದ ಮೊದಲು ತಿಳಿದದ್ದಲ್ಲ. 2003ರ ಅಕ್ಟೋಬರ್ 29, ಬುಧವಾರ. ದೀಪಾವಳಿ ರಜೆ ಮುಗಿಸಿ ಬಂದ ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಚಳ್ಳಕೆರೆ ತಾಲ್ಲೂಕಿನ ಒಂದು ಊರಿನ ಹೊರಗೆ ಭೂಕಾಂತ ಸಮೀಕ್ಷೆಗೆ ಹೋಗಿದ್ದೆ. ಚಿತ್ರದುರ್ಗ ಜಿಲ್ಲೆಯ ನೆಲದಡಿ ಕಬ್ಬಿಣದ ಅಂಶವಿರುವ ಬಂಡೆಗಳು ಪಟ್ಟೆಪಟ್ಟೆಯಾಗಿ ಹಾದುಹೋಗಿವೆ. ಅವುಗಳ ಮೇಲೆ ನಡೆಯುತ್ತ ಹೋದರೆ ಭೂಮಿಯ ಕಾಂತಬಲ ಅಷ್ಟಿಷ್ಟು ಏರಿಳಿಯುತ್ತದೆ. ಆ ಏರಿಳಿತವನ್ನು ಗುರುತು ಮಾಡಿಕೊಳ್ಳುತ್ತ ನಡೆದರೆ ನೆಲದಡಿಯ ಬಂಡೆಯ ಜಾಡು ಸಿಗುತ್ತದೆ. ನಮ್ಮ ಬಳಿ ಎರಡು ಪ್ರೋಟಾನ್ ಮ್ಯಾಗ್ನೆಟೋಮೀಟರುಗಳಿದ್ದವು. ಒಂದನ್ನು ಹಿಡಿದು ಹುಡುಗರು ಹೊಲದಲ್ಲಿ ಅಳೆಯುತ್ತ ಸಾಗಬೇಕು. ಇನ್ನೊಂದನ್ನು ಒಂದು ಹುಣಸೆ ಮರದ ಬಳಿ ಕದಲದಂತೆ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಳ್ಳಬೇಕು. ಕಾಂತಬಲ ದಿನದ ಹೊತ್ತಿಗೆ ತಕ್ಕಂತೆಯೂ ಬದಲಾಗುವುದರಿಂದ, ನಿಂತಲ್ಲೇ ನಿಂತ ಈ ಎರಡನೆಯ ಯಂತ್ರದ ಅಂಕಿಯನ್ನು ಕಳೆದಾಗ ಮಾತ್ರ ಬಂಡೆಯ ಲೆಕ್ಕ ಸರಿಯಾಗುತ್ತದೆ.

ಆ ಭಾಗದಲ್ಲಿ ಭೂಮಿಯ ಕಾಂತಬಲ ಸುಮಾರು 41 ಸಾವಿರ ನ್ಯಾನೋಟೆಸ್ಲಾ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅದು ಮೆಲ್ಲಮೆಲ್ಲನೆ ಏರುವುದು ಸಹಜ. ಆದರೆ ಆ ದಿನ ಹನ್ನೊಂದೂ ನಲವತ್ತರ ಅಂಕಿಗೂ ಹನ್ನೊಂದೂ ಐವತ್ತರ ಅಂಕಿಗೂ ತಾಳೆಯೇ ಇರಲಿಲ್ಲ. ಮರದ ಕೆಳಗಿದ್ದ ಹುಡುಗ ಓಡಿಬಂದು, "ಸಾರ್, ಯಾರೋ ಸೈಕಲ್ ತಂದು ಹತ್ತಿರ ಒರಗಿಸಿದ್ದಾರೆ, ಅದಕ್ಕೇ ಹೀಗಾಗಿದೆ" ಎಂದ. ಹೋಗಿ ನೋಡಿದರೆ ನಿಜವಾಗಿಯೂ ಮರಕ್ಕೆ ಒಂದು ಸೈಕಲ್ ಒರಗಿತ್ತು. ಪಕ್ಕದ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಯಜಮಾನರದು. "ಏನ್ ಸ್ವಾಮಿ, ನೀರು ಹುಡುಕ್ತಿದೀರಾ? ನಮ್ಮ ಹೊಲದಾಗೂ ಒಂದು ಪಾಯಿಂಟ್ ನೋಡಿ ಹೇಳ್ರಿ" ಎಂದು ಅವರು ಕೇಳಿದರು. ಸೈಕಲನ್ನು ದೂರ ಸಾಗಿಸಿದೆವು. ಅಂಕಿ ಇಳಿಯಲಿಲ್ಲ. ಬ್ಯಾಟರಿ ಬದಲಾಯಿಸಿದೆವು. ಅಂಕಿ ಇಳಿಯುವ ಬದಲು ಮೇಲೆ ಕೆಳಗೆ ಕುಣಿಯತೊಡಗಿತು. ಹೊಲದಲ್ಲಿದ್ದ ಇನ್ನೊಂದು ಯಂತ್ರವೂ ಹಾಗೆಯೇ ಕುಣಿಯುತ್ತಿದೆ ಎಂದು ತಿಳಿದಾಗ ನಾನು ಪುಸ್ತಕ ಮುಚ್ಚಿದೆ. ದಿನದ ಕೆಲಸವೆಲ್ಲ ಹಾಳು, ಜೀಪಿನ ಬಾಡಿಗೆ ದಂಡ. ಕೆಟ್ಟದ್ದು ಯಂತ್ರವಲ್ಲ, ಆಕಾಶ ಎಂಬುದು ಮಾತ್ರ ಖಚಿತವಾಗಿತ್ತು.

ಹಿಂದಿನ ದಿನ ಸೂರ್ಯನಲ್ಲಿ ಒಂದು ಭಾರಿ ಸ್ಫೋಟವಾಗಿತ್ತು. ಆಗ ಅವನ ಹೊರಕವಚ ಉಗುಳಿದ ದ್ರವ್ಯ ಸುಮಾರು ಹತ್ತೊಂಬತ್ತು ಗಂಟೆಗಳಲ್ಲಿ ಭೂಮಿಯನ್ನು ತಲುಪಿತ್ತು. ಅದು ನಮ್ಮ ಕಾಂತಕ್ಷೇತ್ರಕ್ಕೆ ಬಂದು ಅಪ್ಪಳಿಸಿದ್ದು ಭಾರತೀಯ ಕಾಲಮಾನ ಹನ್ನೊಂದು ಗಂಟೆ ನಲವತ್ತೊಂದು ನಿಮಿಷಕ್ಕೆ. ಆಗ ನಮ್ಮ ಹುಡುಗ ಹನ್ನೊಂದೂ ನಲವತ್ತರ ಅಂಕಿ ಬರೆದು ಒಂದು ನಿಮಿಷವಾಗಿತ್ತಷ್ಟೆ.

ಈಗ ಸೌರಮಾರುತದ ಪರಿಚಯ ಮಾಡಿಕೊಳ್ಳೋಣ. ಸೂರ್ಯನ ಹೊರಕವಚ ಎಷ್ಟು ಬಿಸಿಯೆಂದರೆ ಅಲ್ಲಿನ ಅನಿಲವನ್ನು ಸೂರ್ಯನ ಗುರುತ್ವವೂ ಪೂರ್ತಿ ಹಿಡಿದಿಟ್ಟುಕೊಳ್ಳಲಾರದು. ಎಲೆಕ್ಟ್ರಾನು, ಪ್ರೋಟಾನುಗಳಾಗಿ ಒಡೆದ ಆ ಅನಿಲ ಎಲ್ಲ ದಿಕ್ಕಿಗೂ ಹರಿದುಹೋಗುತ್ತಲೇ ಇರುತ್ತದೆ. ಹೀಗಾಗಲೇಬೇಕು ಎಂದು 1958ರಲ್ಲಿ ಅಮೆರಿಕದ ಯೂಜೀನ್ ಪಾರ್ಕರ್ ಲೆಕ್ಕ ಹಾಕಿ ತೋರಿಸಿದಾಗ ಬಹಳ ಮಂದಿ ನಂಬಲಿಲ್ಲ. 1962ರಲ್ಲಿ ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-2 ನೌಕೆ ದಾರಿಯುದ್ದಕ್ಕೂ ಈ ಗಾಳಿಯನ್ನು ಅಳೆಯುತ್ತ ಹೋಯಿತು. ಆಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ಈ ಕಥೆಯ ಮೊದಲ ಪುಟಗಳಲ್ಲೇ ನಮ್ಮ ನಾಡಿನವರೊಬ್ಬರ ಹೆಸರಿದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಬಿ.ಎಸ್‌ಸಿ. ಓದಿದ್ದು ಮೊಳಕಾಲ್ಮೂರಿಗೆ ಗಡಿಯಾಚೆಯ ಅನಂತಪುರದಲ್ಲಿ. ಅವರು ವಿಕ್ರಮ್ ಸಾರಾಭಾಯಿ ಅವರ ಬಳಿ ಸಂಶೋಧನೆ ಮುಗಿಸಿ ಅಮೆರಿಕಕ್ಕೆ ಹೋದಾಗ ಕೈಗೆ ಬಂದದ್ದು ಈ ಮ್ಯಾರಿನರ್ ಅಂಕಿಗಳು. ಕಾನ್ವೇ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬಾವರ್ ಅವರೊಂದಿಗೆ ಸೇರಿ 1963ರಲ್ಲಿ ಅವರು ಪ್ರಕಟಿಸಿದ ಲೇಖನ ಎರಡು ಸಂಗತಿಗಳನ್ನು ಎದುರುಬದುರಾಗಿ ಇಟ್ಟು ನೋಡಿತು. ಒಂದು ಕಡೆ ಸೌರಮಾರುತದ ವೇಗ, ಇನ್ನೊಂದು ಕಡೆ ಭೂಮಿಯ ಕಾಂತಕ್ಷೇತ್ರದ ಕಳವಳ. ಒಂದು ಏರಿದಾಗ ಇನ್ನೊಂದೂ ಏರುತ್ತಿತ್ತು. ರಾವ್ ಅವರನ್ನು ಆರ್ಯಭಟ ಉಪಗ್ರಹದ ರೂವಾರಿ ಎಂದೇ ನಾವು ನೆನೆಯುತ್ತೇವೆ. ಅದಕ್ಕಿಂತ ಮೊದಲಿನ ಈ ಕೆಲಸವನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ವಿವರವಾಗಿ ಹೇಳಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಈ ಗಾಳಿ ಎಷ್ಟು ತೆಳುವೆಂದರೆ ಭೂಮಿಯ ಬಳಿ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನುಗಳಿದ್ದರೆ ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿರುತ್ತವೆ. ಆದರೆ ವೇಗ ಸೆಕೆಂಡಿಗೆ ನಾನ್ನೂರು ಕಿಲೋಮೀಟರ್, ಕೆಲವೊಮ್ಮೆ ಅದರ ಎರಡು ಪಟ್ಟು. ಬೀಸುವ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವಾಗ ಅದರ ಸಾಂದ್ರತೆಯನ್ನು ವೇಗದ ವರ್ಗದಿಂದ ಗುಣಿಸಬೇಕು. ಹಾಗೆ ಗುಣಿಸಿದರೂ ಸಿಗುವುದು ಎರಡು ನ್ಯಾನೋಪಾಸ್ಕಲ್ ಆಸುಪಾಸು. ಅಂದರೆ ನಮ್ಮ ವಾಯುಮಂಡಲದ ಒತ್ತಡದ ಐವತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು! ಇಷ್ಟು ಸಣ್ಣ ಒತ್ತಡ ಏನು ತಾನೇ ಮಾಡೀತು ಎಂದು ನೀವು ಕೇಳಬಹುದು.

ಅದು ಒತ್ತುವುದು ನಮ್ಮ ಗಾಳಿಯನ್ನಲ್ಲ, ಭೂಮಿಯ ಕಾಂತಕ್ಷೇತ್ರವನ್ನು. ಭೂಮಿಯಿಂದ ದೂರ ಹೋದಂತೆ ಕಾಂತಕ್ಷೇತ್ರ ಬಲುಬೇಗ ದುರ್ಬಲವಾಗುತ್ತದೆ. ಒಂದೆಡೆ ಅದರ ಎದುರೊತ್ತಡವೂ ಸೌರಮಾರುತದ ಒತ್ತಡವೂ ಸರಿಸಮವಾಗುತ್ತವೆ. ಆ ಅಂಚು ಹಗಲಿನ ಕಡೆಗೆ, ಭೂಮಿಯ ಕೇಂದ್ರದಿಂದ ಭೂಮಿಯ ತ್ರಿಜ್ಯದ ಸುಮಾರು ಹತ್ತು ಪಟ್ಟು ದೂರದಲ್ಲಿದೆ. ಅದರ ಒಳಗಿನದೇ ಭೂಮಿಯ ಕಾಂತಗೋಳ. ಗಾಳಿಯ ಒತ್ತಡ ಹೆಚ್ಚಿದರೆ ಅಂಚು ಒಳಕ್ಕೆ ಸರಿಯುತ್ತದೆ, ಆದರೆ ಸುಲಭವಾಗಿ ಅಲ್ಲ. ಅಂಚಿನ ದೂರವನ್ನು ಅರ್ಧಕ್ಕೆ ಇಳಿಸಬೇಕಾದರೆ ಒತ್ತಡ ಅರವತ್ನಾಲ್ಕು ಪಟ್ಟು ಏರಬೇಕು. ಭೂಸ್ಥಿರ ಉಪಗ್ರಹಗಳು ಸುತ್ತುವ 36 ಸಾವಿರ ಕಿಲೋಮೀಟರ್ ಎತ್ತರದವರೆಗೆ ಅಂಚನ್ನು ತಳ್ಳಲು ಹನ್ನೆರಡು ಪಟ್ಟು ಸಾಕು. ಇದು ಅಪರೂಪವೇನೂ ಅಲ್ಲ.

ಅಂಚು ಒಳಸರಿದಾಗ ಅದರ ಮೇಲೆ ಹರಿಯುವ ವಿದ್ಯುತ್ ಪ್ರವಾಹ ಬಲಗೊಳ್ಳುತ್ತದೆ. ಅದರಿಂದ ಹುಟ್ಟುವ ಕಾಂತಬಲ ನಮ್ಮ ಅಕ್ಷಾಂಶಗಳಲ್ಲಿ ಭೂಮಿಯ ಕಾಂತಬಲದೊಂದಿಗೆ ಕೂಡಿಕೊಳ್ಳುತ್ತದೆ. ಹಾಗಾಗಿ ಮುಂಬೈ ಬಳಿಯ ಅಲಿಬಾಗ್‌ನಲ್ಲಿ, ಹೈದರಾಬಾದಿನಲ್ಲಿ, ತಿರುನೆಲ್ವೇಲಿಯಲ್ಲಿ ಇರುವ ವೀಕ್ಷಣಾಲಯಗಳ ಗೆರೆಗಳು ಒಟ್ಟಿಗೆ ಮೇಲಕ್ಕೆ ಜಿಗಿಯುತ್ತವೆ. ಭೂಕಾಂತ ವಿಜ್ಞಾನದಲ್ಲಿ ಇದಕ್ಕೆ 'ಹಠಾತ್ ಆರಂಭ' ಎನ್ನುತ್ತಾರೆ. ಜಿಗಿತದ ಎತ್ತರ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಸಾಮಾನ್ಯವಾಗಿ ಅದು ಕೆಲವು ಹತ್ತು ನ್ಯಾನೋಟೆಸ್ಲಾ. 1991ರ ಮಾರ್ಚ್ 24ರ ಬೆಳಗ್ಗೆ ಒಂಬತ್ತು ಗಂಟೆ ಹನ್ನೊಂದು ನಿಮಿಷಕ್ಕೆ ಆದ ಜಿಗಿತ ಜಪಾನಿನ ಕಾಕಿಯೋಕಾದಲ್ಲಿ ಇನ್ನೂರು ನ್ಯಾನೋಟೆಸ್ಲಾ ದಾಟಿತ್ತು. ಅದೇ ಹೊಡೆತಕ್ಕೆ ಭೂಮಿಯ ಸುತ್ತ ಹೊಸದೊಂದು ವಿಕಿರಣ ಪಟ್ಟಿಯೇ ನಿಮಿಷಗಳಲ್ಲಿ ಹುಟ್ಟಿದ್ದನ್ನು ಆಗ ಮೇಲೆ ಸುತ್ತುತ್ತಿದ್ದ ಒಂದು ಉಪಗ್ರಹ ಕಂಡಿತು.

ಇದರ ಉಲ್ಟಾ ನಾಟಕವೂ ನಡೆದದ್ದುಂಟು. 1999ರ ಮೇ 11ರಂದು ಸೌರಮಾರುತ ಹೆಚ್ಚುಕಡಿಮೆ ನಿಂತೇಹೋಯಿತು. ಘನ ಸೆಂಟಿಮೀಟರಿಗೆ ಐದಾರು ಇರಬೇಕಾದ ಕಣಗಳು ಒಂದರ ಐದನೆಯ ಪಾಲಿಗಿಂತಲೂ ಕಡಿಮೆಯಾದವು. ಒತ್ತಡ ತಪ್ಪಿದ ಕಾಂತಗೋಳ ಐದಾರು ಪಟ್ಟು ಗಾತ್ರಕ್ಕೆ ಉಬ್ಬಿಕೊಂಡಿತು. ಗಾಳಿ ಬಿದ್ದ ದಿನ ರಾಶಿ ತೂರಲು ಹೋದವನ ಪಾಡು ಹೇಗೋ ಹಾಗೆ, ಅಳೆಯಲು ಕೂತ ಉಪಗ್ರಹಗಳಿಗೆ ಅಳೆಯಲು ಏನೂ ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಒತ್ತಡದ ಕಥೆ. ಆದರೆ ಇಷ್ಟೇ ಆಗಿದ್ದರೆ ಒಂದು ಒಗಟು ಬಿಡಿಸಲಾಗದೆ ಉಳಿಯುತ್ತಿತ್ತು. ಅಂಚು ಭೂಮಿಯಿಂದ ಅರವತ್ತು ಸಾವಿರ ಕಿಲೋಮೀಟರ್ ಆಚೆ ಇದೆ. ಅಲ್ಲಿಂದ ನೋಡಿದರೆ ಅಲಿಬಾಗ್, ಚಳ್ಳಕೆರೆ, ತಿರುನೆಲ್ವೇಲಿ ಎಲ್ಲವೂ ಒಂದೇ ಚುಕ್ಕೆ. ಜಿಗಿತ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ರಾತ್ರಿಯಲ್ಲಿ ಹಾಗೆಯೇ ಇರುತ್ತದೆ ಕೂಡ. ಆದರೆ ಹಗಲಿನಲ್ಲಿ, ಅದರಲ್ಲೂ ನಡುಹಗಲಿನಲ್ಲಿ, ತಿರುನೆಲ್ವೇಲಿಯ ಜಿಗಿತ ಅಲಿಬಾಗ್‌ನದಕ್ಕಿಂತ ಎದ್ದುಕಾಣುವಷ್ಟು ಹೆಚ್ಚು. ಧ್ರುವಗಳಿಗೆ ಹತ್ತಿರವಾದಷ್ಟು ಸೂರ್ಯನ ಉಪಟಳ ಹೆಚ್ಚು ಎಂದು ನಾವು ಓದಿರುತ್ತೇವೆ. ಇಲ್ಲಿ ನೋಡಿದರೆ ದಕ್ಷಿಣಕ್ಕೆ ಹೋದಷ್ಟೂ ಹೆಚ್ಚು! ಏಕೆ?

ಉತ್ತರ ಹುಡುಕಲು ಮೊಳಕಾಲ್ಮೂರಿನ ಒಂದು ಮಗ್ಗದ ಮುಂದೆ ಕೂರೋಣ. ರೇಷ್ಮೆ ಸೀರೆ ನೇಯುವಾಗ ಹಾಸಿನ ಎಳೆಗಳನ್ನು ಉದ್ದಕ್ಕೆ ಬಿಗಿದಿರುತ್ತಾರೆ. ಲಾಳಿ ಅಡ್ಡಡ್ಡಲಾಗಿ ಹೊಕ್ಕಿನ ಎಳೆಯನ್ನು ಹಾಯಿಸುತ್ತ ಹೋಗುತ್ತದೆ. ಭೂಮಿಯ ಕಾಂತರೇಖೆಗಳನ್ನು ಹಾಸು ಎಂದುಕೊಳ್ಳಿ. ಧ್ರುವಗಳ ಬಳಿ ಅವು ನೆಟ್ಟಗೆ ನೆಲಕ್ಕೆ ಇಳಿಯುತ್ತವೆ. ನಮ್ಮ ಕಡೆ ಬಂದಂತೆ ಓರೆಯಾಗುತ್ತ, ಒಂದು ರೇಖೆಯ ಮೇಲೆ ಪೂರ್ತಿ ಮಲಗಿ, ಉತ್ತರ ದಕ್ಷಿಣವಾಗಿ ನೆಲಕ್ಕೆ ಸಮಾನಾಂತರವಾಗಿ ಚಾಚುತ್ತವೆ. ಅದೇ ಕಾಂತೀಯ ಸಮಭಾಜಕ ರೇಖೆ. ಭೂಪಟದ ಸಮಭಾಜಕವೇ ಬೇರೆ, ಇದೇ ಬೇರೆ. ನಮ್ಮ ಪುಣ್ಯಕ್ಕೆ ಇದು ಭಾರತದ ದಕ್ಷಿಣ ತುದಿಯ ಮೇಲೆ ಹಾಯುತ್ತದೆ. ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತಲೂ ಇರುತ್ತದೆ. ಕೇರಳದ ಥುಂಬಾ ಎಂಬ ಮೀನುಗಾರರ ಹಳ್ಳಿಯನ್ನು ಸಾರಾಭಾಯಿ ಅವರು ರಾಕೆಟ್ ನೆಲೆಗೆಂದು ಆರಿಸಿದ್ದು ಈ ರೇಖೆ ಅಲ್ಲಿ ಹಾಯುತ್ತಿದ್ದುದರಿಂದ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಸಂಶೋಧನಾ ರಾಕೆಟ್ ಹಾರಿದ್ದೂ ಅಲ್ಲಿಂದಲೇ.

ಈ ಮಲಗಿದ ಹಾಸಿನ ಮೇಲೆ, ನೆಲದಿಂದ ನೂರು ನೂರಹತ್ತು ಕಿಲೋಮೀಟರ್ ಎತ್ತರದಲ್ಲಿ, ಬಿಸಿಲು ಗಾಳಿಯ ಅಣುಗಳನ್ನು ಒಡೆದು ವಿದ್ಯುತ್ ಹರಿಯುವ ಪದರವೊಂದನ್ನು ಮಾಡಿರುತ್ತದೆ. ಇದು ಅಯಾನುಗೋಳದ ಕೆಳಭಾಗ. ಹಗಲಿನಲ್ಲಿ ಇಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವಿದ್ಯುತ್ ಹರಿಯುತ್ತದೆ. ಅದೇ ನಮ್ಮ ಲಾಳಿ. ಹರಿಯುವಾಗ ಅದರ ಒಂದು ಪಾಲು ಮೇಲಕ್ಕೋ ಕೆಳಕ್ಕೋ ಜಾರಲು ನೋಡುತ್ತದೆ. ಹಾಸು ಓರೆಯಾಗಿರುವ ಊರುಗಳಲ್ಲಿ ಆ ವಿದ್ಯುದಾವೇಶ ಕಾಂತರೇಖೆಗಳನ್ನೇ ಹಿಡಿದು ಜಾರಿಕೊಂಡು ಹೋಗಿಬಿಡುತ್ತದೆ. ಹಾಸು ಪೂರ್ತಿ ಮಲಗಿರುವ ಕಡೆ ಜಾರಲು ದಾರಿಯಿಲ್ಲ. ಮೇಲೂ ಕೆಳಗೂ ವಿದ್ಯುತ್ ಸುಲಭವಾಗಿ ಹರಿಯದ ಪದರಗಳಿರುವುದರಿಂದ ಆವೇಶ ಅಲ್ಲೇ ಗುಡ್ಡೆಯಾಗುತ್ತದೆ. ಆ ಗುಡ್ಡೆ ಪೂರ್ವಕ್ಕೆ ಹರಿಯುವ ಪ್ರವಾಹವನ್ನೇ ಇನ್ನಷ್ಟು ಜೋರಾಗಿ ತಳ್ಳುತ್ತದೆ. ಹೀಗೆ ರೇಖೆಯ ಎರಡೂ ಬದಿಗೆ ಸುಮಾರು ಮುನ್ನೂರು ಕಿಲೋಮೀಟರ್ ಅಗಲಕ್ಕೆ ಒಂದು ರಭಸದ ವಿದ್ಯುತ್‌ಧಾರೆ ಹುಟ್ಟುತ್ತದೆ. 1951ರಲ್ಲಿ ಸಿಡ್ನಿ ಚಾಪ್‌ಮನ್ ಇದಕ್ಕೆ ಎಲೆಕ್ಟ್ರೋಜೆಟ್ ಎಂದು ಹೆಸರಿಟ್ಟರು. ಮಾಮೂಲು ದಿನಗಳಲ್ಲೂ ತಿರುನೆಲ್ವೇಲಿಯ ನಡುಹಗಲಿನ ಏರಿಕೆ ಅಲಿಬಾಗ್‌ನದಕ್ಕಿಂತ ಎರಡು ಪಟ್ಟಿನಷ್ಟಿರುವುದು ಇದರಿಂದಲೇ. ಒಂದರಿಂದ ಇನ್ನೊಂದನ್ನು ಕಳೆದರೆ ಎಲೆಕ್ಟ್ರೋಜೆಟ್ಟಿನ ಬಲ ಸಿಗುತ್ತದೆ. ನಮ್ಮ ಹುಣಸೆ ಮರದ ಲೆಕ್ಕದಂತೆಯೇ ಇದೂ ಕಳೆಯುವ ಲೆಕ್ಕ.

ಈಗ ಒತ್ತಡದ ಹೊಡೆತಕ್ಕೆ ಮರಳೋಣ. ಅಂಚು ಒಳಸರಿದಾಗ ಕಾಂತಗೋಳದೊಳಗೆ ಒಂದು ಅಲೆ ಏಳುತ್ತದೆ. ಅದರ ಒಂದು ಕವಲು ನೇರವಾಗಿ ಭೂಮಿಗೆ ಬರುತ್ತದೆ. ಎಲ್ಲೆಡೆ ಒಂದೇ ಸಮ ಕಾಣುವ ಜಿಗಿತ ಅದರದು. ಇನ್ನೊಂದು ಕವಲು ಧ್ರುವಗಳ ಬಳಿಯ ಕಾಂತರೇಖೆಗಳನ್ನು ಹಿಡಿದು ಅಲ್ಲಿನ ಅಯಾನುಗೋಳಕ್ಕೆ ಇಳಿಯುತ್ತದೆ. ಅಲ್ಲಿ ಹುಟ್ಟಿದ ವಿದ್ಯುತ್ ಕ್ಷೇತ್ರ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಸಮಭಾಜಕದವರೆಗೂ ಹರಡುತ್ತದೆ. ನಡುವಿನ ಅಕ್ಷಾಂಶಗಳಲ್ಲಿ ಅದಕ್ಕೆ ಹೆಚ್ಚು ಬಲವಿಲ್ಲ. ಆದರೆ ಎಲೆಕ್ಟ್ರೋಜೆಟ್ಟಿನ ಪಟ್ಟಿಯಲ್ಲಿ ವಿದ್ಯುತ್ ಹರಿಯಲು ದಾರಿ ಸಲೀಸಾಗಿರುವುದರಿಂದ ಸಣ್ಣ ತಳ್ಳಿಗೂ ಪ್ರವಾಹ ದೊಡ್ಡದಾಗಿ ಹಿಗ್ಗುತ್ತದೆ. ಜಪಾನಿನ ಅರಾಕಿ ಅವರು 1994ರಲ್ಲಿ ಈ ಎರಡು ಕವಲುಗಳನ್ನು ಬಿಡಿಸಿ ಜೋಡಿಸಿ ತೋರಿಸಿದರು. ಹಗಲಿನ ಸಮಭಾಜಕದಲ್ಲಿ ಜಿಗಿತಕ್ಕೆ ಮುಂಚೆ ಒಂದು ನಿಮಿಷದಷ್ಟು ಹೊತ್ತು ಗೆರೆ ತುಸು ಕೆಳಗಿಳಿಯುವುದೂ ಈ ಎರಡನೆಯ ಕವಲಿನ ಗುರುತು. ಹಾರುವವನು ಮೊದಲು ಮೊಳಕಾಲು ಬಗ್ಗಿಸುವ ಹಾಗೆ.

ಚಳ್ಳಕೆರೆ, ಮೊಳಕಾಲ್ಮೂರು ಇದರಲ್ಲಿ ಎಲ್ಲಿ ಬರುತ್ತವೆ? ರೇಖೆಯಿಂದ ಆರುನೂರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ. ಅಲ್ಲಿ ಕಾಂತಸೂಜಿ ನೆಲಕ್ಕೆ ಹದಿನೈದು ಡಿಗ್ರಿಗೆ ಸಮೀಪ ಬಾಗುತ್ತದೆ, ಅಂದರೆ ಹಾಸು ಆಗಲೇ ಓರೆಯಾಗಿದೆ. ಆದ್ದರಿಂದ 2003ರಲ್ಲಿ ನಮ್ಮ ಯಂತ್ರ ಕಂಡದ್ದು ಬಹುಪಾಲು ಮೊದಲ ಕವಲಿನ ಜಿಗಿತವನ್ನು. ಎಲೆಕ್ಟ್ರೋಜೆಟ್ಟಿನ ರಭಸ ಇಲ್ಲಿಯ ನೆಲಕ್ಕೆ ಮುಟ್ಟುವುದಿಲ್ಲ. ಆದರೆ ತಲೆಯ ಮೇಲೆ ಮುನ್ನೂರು ನಾನ್ನೂರು ಕಿಲೋಮೀಟರ್ ಎತ್ತರದ ಮಾತೇ ಬೇರೆ.

ಕಾಂತೀಯ ಸಮಭಾಜಕದ ಮೇಲೆ ಹಗಲಿನ ವಿದ್ಯುತ್ ಕ್ಷೇತ್ರ ಅಯಾನುಗೋಳದ ಎಲೆಕ್ಟ್ರಾನುಗಳನ್ನು ಮೇಲಕ್ಕೆತ್ತುತ್ತದೆ. ಮೇಲೇರಿದವು ಕಾಂತರೇಖೆಗಳ ಇಳಿಜಾರಿನಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಕಾರಂಜಿಯ ನೀರಿನಂತೆ ಜಾರಿ ಬೀಳುತ್ತವೆ. ಭಾರತದಲ್ಲಿ ಈ ಕಾರಂಜಿಯ ನೀರು ಗುಡ್ಡೆಯಾಗುವುದು ಅಹಮದಾಬಾದ್, ಭೋಪಾಲಗಳ ಆಸುಪಾಸಿನಲ್ಲಿ. ಚಳ್ಳಕೆರೆ ಇರುವುದು ಚಿಮ್ಮುವ ಜಾಗಕ್ಕೂ ಬೀಳುವ ಜಾಗಕ್ಕೂ ನಡುವೆ, ಇಳಿಜಾರಿನ ಕೆಳಗೆ. ಸೌರಮಾರುತದ ಒತ್ತಡ ದಿಢೀರನೆ ಏರಿ ಹೊಸ ವಿದ್ಯುತ್ ಕ್ಷೇತ್ರ ಬಂದು ಸೇರಿದರೆ ಪದರ ಇನ್ನಷ್ಟು ಮೇಲೇರುತ್ತದೆ. ಒತ್ತಡ ದಿಢೀರನೆ ಇಳಿದರೆ ಉಲ್ಟಾ ಆಗಬಹುದು. ಬರೀ ಒತ್ತಡವಷ್ಟೇ ಆದರೆ ಪರಿಣಾಮ ಬೇಗ ಆರಿಹೋಗುತ್ತದೆ. ಅದರ ಜೊತೆಗೆ ಸೌರಮಾರುತ ಹೊತ್ತುತಂದ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖಮಾಡಿದ್ದರೆ ಕಾಂತಗೋಳದ ಬಾಗಿಲು ತೆರೆದಂತಾಗಿ ಗಂಟೆಗಟ್ಟಲೆ ಬಿರುಗಾಳಿ ನಡೆಯುತ್ತದೆ. ಆಂಧ್ರದ ತಿರುಪತಿ ಬಳಿಯ ಗಾದಂಕಿಯಲ್ಲಿ ಈ ಪದರಗಳನ್ನು ನೋಡುವ ರಾಡಾರ್ ಇದೆ. ಅದು ಚಳ್ಳಕೆರೆಗಿಂತ ಒಂದು ಡಿಗ್ರಿಯಷ್ಟೇ ದಕ್ಷಿಣಕ್ಕಿದೆ. ಅಲ್ಲಿ ಕಾಣುವ ಆಕಾಶ ಹೆಚ್ಚುಕಡಿಮೆ ನಮ್ಮದೇ.

ಇದರಿಂದ ನಮಗೇನು ಎಂದು ಕೇಳುವವರಿಗೆ ಹಿಂದೆ ರೇಡಿಯೋ ಉದಾಹರಣೆ ಕೊಡುತ್ತಿದ್ದೆವು. ರಾತ್ರಿ ಮಗ್ಗದ ಮನೆಯಲ್ಲಿ ಮೀಡಿಯಂ ವೇವ್ ತಿರುಗಿಸಿದರೆ ಹಗಲಿನಲ್ಲಿ ಕೇಳದ ದೂರದೂರದ ನಿಲಯಗಳು ತೇಲಿಬರುತ್ತಿದ್ದವು. ಹಗಲಿನಲ್ಲಿ ಅಲೆಗಳನ್ನು ನುಂಗುವ ಕೆಳಪದರ ರಾತ್ರಿ ಇಲ್ಲವಾಗಿ, ಮೇಲಿನ ಪದರಗಳು ಅವನ್ನು ಹಿಂದಕ್ಕೆ ಕಳಿಸುತ್ತಿದ್ದುದರಿಂದ ಹಾಗಾಗುತ್ತಿತ್ತು. ಈಗ ಉದಾಹರಣೆ ಚಳ್ಳಕೆರೆಯಲ್ಲೇ ಸಿಗುತ್ತದೆ.

2023ರ ಏಪ್ರಿಲ್ 2ರ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಒಂದು ರೆಕ್ಕೆಯ ವಾಹನವನ್ನು ನೇತುಹಾಕಿಕೊಂಡು ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಿಂದ ಮೇಲೇರಿತು. ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಕೈಬಿಟ್ಟಿತು. ಇಸ್ರೋದ ಆ ವಾಹನ ಪೈಲಟ್ ಇಲ್ಲದೆ ತಾನೇ ದಾರಿ ಹುಡುಕಿಕೊಂಡು, ಏಳೂ ನಲವತ್ತಕ್ಕೆ ಓಡುದಾರಿಗೆ ಬಂದಿಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ, ಇನ್ನಷ್ಟು ಕಷ್ಟದ ಸ್ಥಿತಿಗಳಿಂದ ಬಿಟ್ಟಾಗಲೂ ಸರಿಯಾಗಿ ಇಳಿಯಿತು. ಆಕಾಶಯಾನ ಮುಗಿಸಿದ ನೌಕೆ ವಿಮಾನದಂತೆ ಬಂದಿಳಿದು ಮತ್ತೆ ಹಾರಬೇಕೆಂಬ ಕನಸಿಗೆ ಇದು ಮೆಟ್ಟಿಲು. ಓಡುದಾರಿಯ ನಡುಗೆರೆಯಿಂದ ಕೆಲವು ಮೀಟರ್ ತಪ್ಪಿದರೂ ಕೆಲಸ ಕೆಟ್ಟಂತೆ.

ದಾರಿ ತೋರಲು ಆ ವಾಹನದ ಬಳಿಯಿದ್ದ ಸಾಧನಗಳಲ್ಲಿ ನಮ್ಮದೇ ನಾವಿಕ್ ಉಪಗ್ರಹಗಳ ಸಂಕೇತ ಹಿಡಿಯುವ ಗ್ರಾಹಕವೂ ಒಂದು. ಆ ಸಂಕೇತ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಿಂದ ಬರುವಾಗ ಅಯಾನುಗೋಳವನ್ನು ದಾಟಲೇಬೇಕು. ಅಲ್ಲಿನ ಎಲೆಕ್ಟ್ರಾನುಗಳು ಅದನ್ನು ತಡಮಾಡುತ್ತವೆ. ತಡವೆಂದರೆ ದೂರದ ತಪ್ಪು. ನಮ್ಮ ಅಕ್ಷಾಂಶಗಳಲ್ಲಿ ಸೂರ್ಯ ಚುರುಕಾಗಿರುವ ವರ್ಷದ ಮಧ್ಯಾಹ್ನ, ಒಂದೇ ಆವರ್ತನದಲ್ಲಿ ಅಳೆಯುವ ಸಾಮಾನ್ಯ ಜಿಪಿಎಸ್ ಗ್ರಾಹಕಕ್ಕೆ ಈ ತಪ್ಪು ಹತ್ತು ಮೀಟರ್ ದಾಟಬಲ್ಲದು. ನಾವಿಕ್ ಎರಡು ಆವರ್ತನಗಳಲ್ಲಿ ಸಂಕೇತ ಕಳಿಸುತ್ತದೆ. ಎರಡಕ್ಕೂ ಆದ ತಡವನ್ನು ಹೋಲಿಸಿ ತಪ್ಪನ್ನು ಕಳೆಯಬಹುದು. ಇಸ್ರೋದವರು ಅಷ್ಟಕ್ಕೇ ಬಿಡದೆ ನೆಲದ ಮೇಲೇ ನಿಂತು ಉಪಗ್ರಹದಂತೆ ಸಂಕೇತ ಕಳಿಸುವ ಕೇಂದ್ರಗಳನ್ನೂ ಇಟ್ಟಿದ್ದರು. ಆ ಸಂಕೇತ ಅಯಾನುಗೋಳವನ್ನು ದಾಟಬೇಕಿಲ್ಲ. ಸೂರ್ಯ ಎಷ್ಟೇ ಆರ್ಭಟಿಸಿದರೂ ಅದಕ್ಕೆ ಚಿಂತೆಯಿಲ್ಲ. ನನಗೆ ಬಹಳ ಹಿಡಿಸಿದ ಎಚ್ಚರಿಕೆ ಇದು.

ಕಷ್ಟವಿರುವುದು ಸಂಜೆಯ ಮೇಲೆ. ಸೂರ್ಯ ಮುಳುಗಿದ ನಂತರ ಸಮಭಾಜಕದ ಮೇಲಿನ ಅಯಾನುಗೋಳದಲ್ಲಿ ಕೆಲವು ದಿನ ಗುಳ್ಳೆಗಳೇಳುತ್ತವೆ, ಹಾಲು ಉಕ್ಕುವ ಮುನ್ನ ಏಳುವ ಹಾಗೆ. ಅವು ಮೇಲೇರುತ್ತ ಕಾಂತರೇಖೆಗಳುದ್ದಕ್ಕೂ ಉತ್ತರಕ್ಕೆ ಚಾಚಿಕೊಳ್ಳುತ್ತವೆ. ಸಮಭಾಜಕದ ಮೇಲೆ ನಾನ್ನೂರು ಕಿಲೋಮೀಟರ್ ಎತ್ತರಕ್ಕೇರಿದ ಗುಳ್ಳೆಯ ತುದಿ ಚಳ್ಳಕೆರೆಯ ನೆತ್ತಿಗೆ ಬಂದಿರುತ್ತದೆ. ಆಗ ಉಪಗ್ರಹದ ಸಂಕೇತ ನಕ್ಷತ್ರದಂತೆ ಮಿಣಮಿಣ ಮಿನುಗುತ್ತದೆ, ಒಮ್ಮೊಮ್ಮೆ ಕೈತಪ್ಪುತ್ತದೆ. ಎರಡು ಆವರ್ತನಗಳಿದ್ದರೂ ಸಂಕೇತವೇ ಸಿಗದಿದ್ದರೆ ಏನು ಕಳೆಯುವುದು? ಸೌರಮಾರುತದ ಹೊಡೆತ ಸಂಜೆಯ ಹೊತ್ತಿಗೆ ಬಿದ್ದರೆ ಕೆಲವೊಮ್ಮೆ ಗುಳ್ಳೆಗಳನ್ನು ಹೆಚ್ಚಿಸುತ್ತದೆ, ಕೆಲವೊಮ್ಮೆ ಅಡಗಿಸುತ್ತದೆ. ಯಾವಾಗ ಯಾವುದು ಎಂದು ಮುಂದಾಗಿ ಹೇಳುವುದು ಈಗಲೂ ಸಂಶೋಧಕರ ತಲೆನೋವು.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಮುಂಬೈನ ಕೊಲಾಬಾ ವೀಕ್ಷಣಾಲಯ 1859ರ ಸೆಪ್ಟೆಂಬರ್ 2ರ ಮಹಾ ಕಾಂತ ಬಿರುಗಾಳಿಯನ್ನು ದಾಖಲಿಸಿತ್ತು. ಅಲ್ಲಿ ಕಾಂತಬಲ ಸುಮಾರು 1600 ನ್ಯಾನೋಟೆಸ್ಲಾ ಕುಸಿದಿತ್ತು. ಸಮಭಾಜಕಕ್ಕೆ ಹತ್ತಿರದಿಂದ ದೊರೆತ ಆ ಬರಹ ಇಂದಿಗೂ ಲೋಕದ ವಿಜ್ಞಾನಿಗಳಿಗೆ ಆಧಾರ. ಮುಂಬೈಗೆ ವಿದ್ಯುತ್ ಟ್ರಾಮುಗಳು ಬರುತ್ತವೆ ಎಂದಾದಾಗ, ಅವುಗಳ ವಿದ್ಯುತ್ತಿನಿಂದ ಅಳತೆ ಕೆಡುತ್ತದೆಂದು ವೀಕ್ಷಣಾಲಯವನ್ನೇ 1904ರಲ್ಲಿ ಅಲಿಬಾಗ್‌ಗೆ ಒಯ್ದರು. ಎರಡು ವರ್ಷ ಎರಡೂ ಕಡೆ ಅಳೆದು ತಾಳೆ ನೋಡಿದ ಮೇಲೆಯೇ ಹಳೆಯದನ್ನು ನಿಲ್ಲಿಸಿದರು. ಕಾಂತಮಾಪಕಕ್ಕೆ ಬೇಕಾದದ್ದು ಇಂಥ ಸದ್ದಿಲ್ಲದ ನೆಲ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಒಂದು ಕಾಲಕ್ಕೆ ಹಾಗಿದ್ದವು. ಈಗ ಅಲ್ಲಿ ಓಡುದಾರಿಗಳೂ ಪ್ರಯೋಗಾಲಯಗಳೂ ಬಂದಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ದನ ಕುರಿ ಮೇಯಿಸುವವರ ದೂರು ಹಸಿರು ಪೀಠದವರೆಗೂ ಹೋಯಿತು. ವಿಜ್ಞಾನಕ್ಕೆ ಜಾಗ ಬೇಕು ಎನ್ನುವವನು ನಾನು. ಆದರೆ ಆ ಜಾಗ ಖಾಲಿ ಬಿದ್ದಿರಲಿಲ್ಲ ಎಂಬುದನ್ನು ಮರೆತು ಮಾತಾಡಲಾರೆ.

ಮುನ್ಸೂಚನೆಯ ಮಾತಿಗೆ ಬರೋಣ. 2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಸೂರ್ಯನ ದಿಕ್ಕಿಗೆ ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆ ಸೇರಿತು. ಅಲ್ಲಿ ಅದು ಸೌರಮಾರುತದ ಕಣಗಳನ್ನೂ ಕಾಂತಕ್ಷೇತ್ರವನ್ನೂ ಅಳೆಯುತ್ತದೆ. ಅದರ ದನಿ ಕೇಳುವ ದೊಡ್ಡ ಆಂಟೆನಾ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ. ಹೊಲದ ಬದುವಿನಲ್ಲಿ ನಿಂತ ಕಾವಲುಗಾರನಂತೆ ಅದು ನಿಂತಿದೆ. ಸೆಕೆಂಡಿಗೆ ನಾನ್ನೂರು ಕಿಲೋಮೀಟರಿನ ಗಾಳಿ ಅಲ್ಲಿಂದ ನಮ್ಮ ಬಳಿ ಬರಲು ಒಂದು ಗಂಟೆ. ಸಾವಿರ ಕಿಲೋಮೀಟರಿನ ಗಾಳಿಗೆ ಇಪ್ಪತ್ತೈದು ನಿಮಿಷ. ಬಿರುಗಾಳಿ ದೊಡ್ಡದಾದಷ್ಟೂ ನಮಗೆ ಸಿಗುವ ಸಮಯ ಕಡಿಮೆ.

ಅದು ನೆಲೆ ಸೇರಿದ ನಾಲ್ಕೇ ತಿಂಗಳಲ್ಲಿ, 2024ರ ಮೇ 10ರ ರಾತ್ರಿ ಹತ್ತೂ ಮೂವತ್ತೈದಕ್ಕೆ, ಎರಡು ದಶಕಗಳಲ್ಲೇ ದೊಡ್ಡ ಹೊಡೆತ ಭೂಮಿಗೆ ಬಿತ್ತು. ಲಡಾಖಿನ ಹಾನ್ಲೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶದಂಚಿನಲ್ಲಿ ಕೆಂಪು ಬೆಳಕನ್ನು ಸೆರೆಹಿಡಿದವು. ಪತ್ರಿಕೆಗಳಲ್ಲಿ ಆ ಚಿತ್ರಗಳು ಬಂದಾಗ ಅನೇಕರು ನನ್ನನ್ನು ಕೇಳಿದರು, ನಮ್ಮ ಕಡೆ ಏನೂ ಕಾಣಲಿಲ್ಲವಲ್ಲ, ಏನೂ ಆಗಲಿಲ್ಲವೆ ಎಂದು. ಭಾರತಕ್ಕೆ ಅದು ರಾತ್ರಿ, ಎಲೆಕ್ಟ್ರೋಜೆಟ್ ಮಲಗಿರುವ ಹೊತ್ತು. ಅದೇ ಹೊಡೆತ ಹನ್ನೆರಡು ಗಂಟೆ ತಡವಾಗಿ, ಬೆಳಗ್ಗೆ ಹತ್ತೂವರೆಗೆ ಬಿದ್ದಿದ್ದರೆ ತಿರುನೆಲ್ವೇಲಿಯ ಗೆರೆ ಬೇರೆಯೇ ಕಥೆ ಬರೆಯುತ್ತಿತ್ತು. ಕಣ್ಣಿಗೆ ಕಾಣುವ ಬೆಳಕು ಮಾತ್ರ ಆಗಲೂ ಇಲ್ಲಿ ಇರುತ್ತಿರಲಿಲ್ಲ.

2003ರ ಆ ಟಿಪ್ಪಣಿ ಪುಸ್ತಕ ನನ್ನ ಬಳಿ ಇನ್ನೂ ಇದೆ. ಹನ್ನೊಂದೂ ಐವತ್ತರ ಅಂಕಿಯ ಪಕ್ಕದಲ್ಲಿ ಹುಡುಗ 'ಸೈಕಲ್' ಎಂದು ಬರೆದು, ಹೊಡೆದುಹಾಕಿ, 'ಬ್ಯಾಟರಿ' ಎಂದು ಬರೆದು, ಅದನ್ನೂ ಹೊಡೆದುಹಾಕಿದ್ದಾನೆ. ಮರುದಿನ ಬೆಳಗ್ಗೆ ಪತ್ರಿಕೆ ನೋಡಿದ ಮೇಲೆ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವನೇ 'ಸೂರ್ಯ' ಎಂದು ಬರೆದ. ಆ ಸಾಲು ಅಲ್ಲಿಯೇ ಮರುಸಮೀಕ್ಷೆ ಮಾಡಲು ನಾವು ಮುಂದಿನ ವಾರದವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಯಜಮಾನರ ಶೇಂಗಾ ಪೂರ್ತಿ ಕಿತ್ತು ಮುಗಿದಿತ್ತು.